ಡಿಸ್ಕ್ ಸತ್ತಿತು ಅನ್ನುವ ಮೊದಲು ಕೇಬಲ್ ನೋಡಿ

ಈ ಸಲದ ಪತ್ರಗಳಲ್ಲಿ ಬಹುಪಾಲು ಕಂಪ್ಯೂಟರಿಗೆ ನೇರವಾಗಿ ಜೋಡಿಸುವ ಡಿಸ್ಕ್‌ಗಳ ಕುರಿತೇ ಇವೆ. ಕೊಡಗಿನ ಕಕ್ಕಡ ತಿಂಗಳ ಮಳೆ, ಹೋಗಿ ಬಂದು ಆಟವಾಡುವ ಕರೆಂಟು, ಬೀರುವಿನೊಳಗಿನ ಬೂಷ್ಟು, ಇವುಗಳ ನಡುವೆ ಫೈಲು ಉಳಿಸಿಕೊಳ್ಳುವುದು ಹೇಗೆಂಬ ಚಿಂತೆ ಎಲ್ಲರದು. ಪತ್ರಗಳನ್ನು ಒಟ್ಟಿಗೆ ಓದಿದಾಗ ಒಂದು ಸಂಗತಿ ಎದ್ದು ಕಂಡಿತು: ದೂರು ಡಿಸ್ಕಿನ ಮೇಲೆ, ತಪ್ಪು ಮಾತ್ರ ಅನೇಕ ಸಲ ಅದರ ಕೇಬಲ್ಲಿನದು, ಅಡಾಪ್ಟರಿನದು, ಇಲ್ಲವೇ ಡಿಸ್ಕ್ ಕೂತ ಪೆಟ್ಟಿಗೆಯದು.

ಪ್ರಶ್ನೆ: ತೋಟದ ಆಫೀಸಿನಲ್ಲಿ ಮೂರು ಕಂಪ್ಯೂಟರ್ ಇವೆ. ಚೆಕ್‌ರೋಲ್ (ಆಳುಗಳ ಹಾಜರಿ–ಕೂಲಿ ಲೆಕ್ಕ), ಕಾಫಿ–ಕರಿಮೆಣಸಿನ ಲೆಕ್ಕ, ಮಳೆಯ ಇಂಚಿನ ದಾಖಲೆ ಎಲ್ಲ ಒಂದರಲ್ಲೇ ಇದ್ದು ಜಾಗ ಸಾಲುತ್ತಿಲ್ಲ. ಅಂಗಡಿಯವರು ‘ಡಿಎಎಸ್ ಬೇಕಾ, ಎನ್‌ಎಎಸ್ ಬೇಕಾ’ ಎಂದು ಕೇಳಿದರು. ಏನು ಹೇಳಲಿ?
– ಎಸ್ಟೇಟ್ ರೈಟರ್, ಸಿದ್ದಾಪುರ

ಉತ್ತರ: ನೆಟ್‌ವರ್ಕ್ ನಡುವೆ ಬಾರದೆ, ಕೇಬಲ್ ಮೂಲಕ ನೇರ ಒಂದು ಕಂಪ್ಯೂಟರಿಗೆ ಸೇರಿದ ಡಿಸ್ಕ್ ಎಲ್ಲವೂ ಡಿಎಎಸ್ (ಡೈರೆಕ್ಟ್ ಅಟ್ಯಾಚ್ಡ್ ಸ್ಟೋರೇಜ್). ನಿಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲಿ ಈಗಾಗಲೇ ಇರುವ ಹಾರ್ಡ್‌ಡಿಸ್ಕೂ ಅದೇ, ಯುಎಸ್‌ಬಿಗೆ ಸಿಕ್ಕಿಸುವ ಡಿಸ್ಕೂ ಅದೇ, ಸರ್ವರಿನ ಪಕ್ಕ ಕೂರುವ 12 ಡಿಸ್ಕಿನ ಪೆಟ್ಟಿಗೆಯೂ ಅದೇ. ಹೆಸರು ಹೊಸದು, ವಸ್ತು ಹಳೆಯದು. ಎನ್‌ಎಎಸ್ (ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್) ಹಾಗಲ್ಲ. ಅದು ಡಿಸ್ಕ್‌ಗಳ ಜತೆಗೆ ತನ್ನದೇ ಪ್ರೊಸೆಸರ್, ತನ್ನದೇ ಆಪರೇಟಿಂಗ್ ಸಿಸ್ಟಂ ಇರುವ ಪುಟ್ಟ ಕಂಪ್ಯೂಟರ್. ರೂಟರಿಗೋ ಸ್ವಿಚ್ಚಿಗೋ ಸೇರಿಕೊಂಡು ಎಲ್ಲರಿಗೂ ಫೈಲು ಬಡಿಸುತ್ತದೆ.

ನಿಜವಾದ ವ್ಯತ್ಯಾಸ ಇರುವುದು ಲೆಕ್ಕ ಇಡುವವರು ಯಾರು ಎಂಬುದರಲ್ಲಿ. ಡಿಎಎಸ್‌ನಲ್ಲಿ ಡಿಸ್ಕ್ ಬರೀ ಖಾನೆಗಳ ಸಾಲು. ಯಾವ ಖಾನೆಯಲ್ಲಿ ಯಾವ ಫೈಲಿನ ಯಾವ ತುಂಡು ಇದೆ ಎಂಬ ಪಟ್ಟಿ ಇಡುವುದು ಕಂಪ್ಯೂಟರ್. ಆದ್ದರಿಂದ ಯಜಮಾನ ಒಬ್ಬನೇ ಇರಬೇಕು. ಒಂದೇ ಡಿಸ್ಕಿಗೆ ಎರಡು ಕಂಪ್ಯೂಟರ್ ಏಕಕಾಲಕ್ಕೆ ನೇರವಾಗಿ ಬರೆದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಾಗದೆ ಪಟ್ಟಿಯೇ ಕಲಸುಮೇಲೋಗರ ಆಗುತ್ತದೆ.

ನಿಮ್ಮ ಆಫೀಸಿಗೆ ಡಿಎಎಸ್ ಸಾಕು. ಬೆಳಗ್ಗೆ ಹಾಜರಿ ಕೂಗುವ ಮಸ್ಟರಿನಿಂದ ಸಂಜೆವರೆಗೆ ಆನ್ ಇರುವ ಕಂಪ್ಯೂಟರ್ ಯಾವುದೋ ಅದರಲ್ಲಿ ಡಿಸ್ಕ್ ಇಟ್ಟು, ಫೋಲ್ಡರನ್ನು ಶೇರ್ ಮಾಡಿ, ಉಳಿದೆರಡನ್ನು ಲ್ಯಾನ್ ಕೇಬಲ್ಲಿನಲ್ಲಿ ಸೇರಿಸಿ. ಗಿಗಾಬಿಟ್ ಲ್ಯಾನ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಿಗುತ್ತದೆ. ಚೆಕ್‌ರೋಲಿಗೆ ಅದರ ಹತ್ತರಲ್ಲೊಂದು ಪಾಲೂ ಬೇಡ. ತೊಡಕು ಒಂದೇ, ಆ ಕಂಪ್ಯೂಟರ್ ಆಫ್ ಆದರೆ ಉಳಿದಿಬ್ಬರೂ ಕೈಕಟ್ಟಿ ಕೂರಬೇಕು. ಅದು ಆಗದು, ಎಲ್ಲರೂ ಲ್ಯಾಪ್‌ಟಾಪ್ ಹಿಡಿದು ಓಡಾಡುವವರೇ ಅನ್ನುವ ಕಡೆ ಎನ್‌ಎಎಸ್‌ಗೆ ಹಣ ಹಾಕಿ.

ಇನ್ನೊಂದು ಮಾತು. ಕಂಪ್ಯೂಟರಿನ ಒಳಗೆ ಖಾಲಿ ಬೇ (ಡಿಸ್ಕ್ ಕೂರಿಸುವ ಗೂಡು) ಮತ್ತು ಖಾಲಿ ಸಾಟಾ ಪೋರ್ಟ್ (ಒಳಗಿನ ಡಿಸ್ಕ್ ಜೋಡಿಸುವ ಕಿಂಡಿ) ಇದ್ದರೆ ಹೊಸ ಡಿಸ್ಕನ್ನು ಒಳಗೇ ಹಾಕಿಸಿ. ಹೊರಗಿನ ಡಿಸ್ಕಿಗೆ ಬೇಕಾಗುವ ಅಡಾಪ್ಟರ್, ಯುಎಸ್‌ಬಿಗೂ ಸಾಟಾಗೂ ನಡುವಿನ ಸೇತುವೆ ಚಿಪ್, ಕಾಲಿಗೆ ಸಿಕ್ಕುವ ಕೇಬಲ್ ಮೂರೂ ತಪ್ಪುತ್ತವೆ. ಸಾಟಾ ಕೇಬಲ್ 1 ಮೀಟರ್ ಮೀರಬಾರದು, ಕೊನೆಯಲ್ಲಿ ಲೋಹದ ಕೊಂಡಿ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಅಷ್ಟೇ ಸಾಮರ್ಥ್ಯದ ಯುಎಸ್‌ಬಿ ಡಿಸ್ಕ್ ಇನ್ನೊಂದು ಕೊಂಡು, ವಾರಕ್ಕೊಮ್ಮೆ ನಕಲು ತೆಗೆದು, ಬಂಗಲೆಯಲ್ಲಿಡಿ. ಆಫೀಸಿನ ಅದೇ ಮೇಜಿನ ಡ್ರಾಯರಿನಲ್ಲಿ ಇಟ್ಟ ನಕಲು ಸಿಡಿಲಿಗೂ ಕಳ್ಳನಿಗೂ ಜೋಡಿಯಾಗಿಯೇ ಸಿಗುತ್ತದೆ.

ಪ್ರಶ್ನೆ: ಮದುವೆ ವಿಡಿಯೊ ಮಾಡುತ್ತೇವೆ, ಏಪ್ರಿಲ್–ಮೇನಲ್ಲಿ ಕೊಡವ ಹಾಕಿ ಹಬ್ಬದ ಪಂದ್ಯಗಳೂ ಇರುತ್ತವೆ. ಮೂರು ಕ್ಯಾಮೆರಾ, ಎಲ್ಲ 4ಕೆ. ಟೈಪ್-ಸಿ ಪೋರ್ಟಿನ ಹೊಸ ಎಸ್‌ಎಸ್‌ಡಿ ಕೊಂಡರೂ ಕಾಪಿ ಸ್ಪೀಡ್ 35–40 ಎಂಬಿ ದಾಟುತ್ತಿಲ್ಲ. ನಾಲ್ಕು ಡಿಸ್ಕಿನ ರೇಡ್ 5 ಪೆಟ್ಟಿಗೆ ಕೊಂಡರೆ ಸ್ಪೀಡೂ ಬರುತ್ತದೆ, ಬ್ಯಾಕಪ್ಪೂ ಆಗುತ್ತದೆ ಎನ್ನುತ್ತಾರೆ. ಹೌದೇ?
– ಛಾಯಾಗ್ರಾಹಕರು, ಗೋಣಿಕೊಪ್ಪಲು

ಉತ್ತರ: 35–40 ಎಂಬಿ ಎಂಬ ಅಂಕಿಯೇ ಕಳ್ಳನನ್ನು ಹಿಡಿದುಕೊಟ್ಟಿದೆ. ಅದು ಯುಎಸ್‌ಬಿ 2.0 ವೇಗ. ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಚಿಪ್ ಡಿಸ್ಕ್, ಸರಿಯಿದೆ, ಪೋರ್ಟೂ ಸರಿಯಿರಬಹುದು. ನೀವು ಸಿಕ್ಕಿಸಿದ್ದು ಮೊಬೈಲ್ ಚಾರ್ಜರಿನ ಟೈಪ್-ಸಿ ಕೇಬಲ್ ಇರಬೇಕು. ಎರಡು ತುದಿಯೂ ಟೈಪ್-ಸಿ ಇದ್ದ ಮಾತ್ರಕ್ಕೆ ಒಳಗೆ ವೇಗದ ತಂತಿಗಳಿರುವುದಿಲ್ಲ. ಚಾರ್ಜಿಂಗ್ ಕೇಬಲ್‌ಗಳಲ್ಲಿ ಬಹಳಷ್ಟು 2.0 ತಂತಿಗಳಷ್ಟೇ ಇರುತ್ತವೆ. ಎಸ್‌ಎಸ್‌ಡಿ ಡಬ್ಬಿಯಲ್ಲಿ ಬಂದ ಗಿಡ್ಡ ಕೇಬಲ್ಲನ್ನೇ ಹಾಕಿ ನೋಡಿ. ಹಬ್ ಇದ್ದರೆ ಅದನ್ನು ಬಿಟ್ಟು ಕಂಪ್ಯೂಟರಿನ ಪೋರ್ಟಿಗೇ ಸಿಕ್ಕಿಸಿ.

ನಿಜವಾಗಿ ಎಷ್ಟು ಸಿಗಬೇಕು ಎಂಬ ಅಂದಾಜು ಇಟ್ಟುಕೊಂಡರೆ ಯಾವ ಕೊಂಡಿ ಸಡಿಲ ಎಂದು ತಿಳಿಯುತ್ತದೆ. 5 ಗಿಗಾಬಿಟ್ ಯುಎಸ್‌ಬಿಯಲ್ಲಿ ಸೆಕೆಂಡಿಗೆ 400 ಎಂಬಿ ಮೇಲೆ, 10 ಗಿಗಾಬಿಟ್‌ನಲ್ಲಿ 1,000 ಎಂಬಿ ಹತ್ತಿರ. ಸಾಟಾ ಎಸ್‌ಎಸ್‌ಡಿ 550ಕ್ಕೆ ನಿಲ್ಲುತ್ತದೆ. ತಿರುಗುವ 3.5 ಇಂಚಿನ ಹಾರ್ಡ್‌ಡಿಸ್ಕ್ ಯಾವ ಪೋರ್ಟಿಗೆ ಹಾಕಿದರೂ 150ರಿಂದ 250, ಅದೂ ಉದ್ದನೆಯ ಫೈಲನ್ನು ಒಂದೇ ಸಮ ಓದುವಾಗ. ಹಾಗಾಗಿ ಹಾರ್ಡ್‌ಡಿಸ್ಕಿಗಾಗಿ 10 ಗಿಗಾಬಿಟ್ ಪೆಟ್ಟಿಗೆ ಕೊಳ್ಳುವುದು ಓಣಿಯಲ್ಲಿ ಓಡಿಸಲು ರೇಸ್ ಕಾರು ಕೊಂಡಂತೆ.

ಈಗ ನಿಮ್ಮ ಲೆಕ್ಕ. ಒಂದು ಕ್ಯಾಮೆರಾ 100 ಮೆಗಾಬಿಟ್‌ನಲ್ಲಿ ಚಿತ್ರೀಕರಿಸಿದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ಮೂರು ಕ್ಯಾಮೆರಾ, ಆರು ಗಂಟೆ ಎಂದರೆ 810 ಜಿಬಿ. ಮೂರನ್ನೂ ಒಟ್ಟಿಗೆ ಟೈಮ್‌ಲೈನಿನಲ್ಲಿ ಹಾಕಿದರೂ ಬೇಕಾಗುವುದು 37.5 ಎಂಬಿ. ಅಂಕಿ ನೋಡಿದರೆ ಹಾರ್ಡ್‌ಡಿಸ್ಕ್ ಸಾಕು ಅನಿಸುತ್ತದೆ. ಆದರೂ ತಡವರಿಸುತ್ತದೆ, ಏಕೆಂದರೆ ಅದರ ಓದುವ ತಲೆ ಮೂರು ಫೈಲುಗಳ ನಡುವೆ ಹಾರುತ್ತಲೇ ಇರಬೇಕು, ಪ್ರತಿ ಹಾರಾಟಕ್ಕೂ ಸುಮಾರು 10 ಮಿಲಿಸೆಕೆಂಡ್ ಪೋಲು. ಎಸ್‌ಎಸ್‌ಡಿಗೆ ತಲೆಯೂ ಇಲ್ಲ, ಹಾರಾಟವೂ ಇಲ್ಲ. ಆದ್ದರಿಂದ ಕೆಲಸ ನಡೆಯುತ್ತಿರುವ ಮದುವೆ 2 ಟಿಬಿ ಎಸ್‌ಎಸ್‌ಡಿಯಲ್ಲಿ, ಮುಗಿದವು ಹಾರ್ಡ್‌ಡಿಸ್ಕಿನಲ್ಲಿ.

ರೇಡ್ 5 ಪೆಟ್ಟಿಗೆಯ ವಿಷಯಕ್ಕೆ ಬರೋಣ. ಫೈಲನ್ನು ಹಲವು ಡಿಸ್ಕಿಗೆ ಹಂಚಿ ಬರೆದು, ಒಂದು ಕೆಟ್ಟರೆ ಉಳಿದವುಗಳಿಂದ ಲೆಕ್ಕ ಹಾಕಿ ತೆಗೆಯುವ ಏರ್ಪಾಡು ರೇಡ್ 5. ನಾಲ್ಕು 8 ಟಿಬಿ ಡಿಸ್ಕ್ ಹಾಕಿದರೆ ಮೂರರಷ್ಟು ಜಾಗ, ಅಂದರೆ 24 ಟಿಬಿ ಸಿಗುತ್ತದೆ. ಒಂದು ಡಿಸ್ಕ್ ಹೋದರೂ ಕೆಲಸ ನಿಲ್ಲುವುದಿಲ್ಲ. ಅದು ಮಾಡುವುದು ಇಷ್ಟೇ: ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ನೀವು ತಪ್ಪಿ ಅಳಿಸಿದ ಫೋಲ್ಡರು ನಾಲ್ಕೂ ಡಿಸ್ಕಿನಿಂದ ಅದೇ ಕ್ಷಣ ಅಳಿಯುತ್ತದೆ, ವೈರಸ್ ಬೀಗ ಹಾಕಿದರೆ ನಾಲ್ಕಕ್ಕೂ ಹಾಕುತ್ತದೆ. ಬ್ಯಾಕಪ್ ಎಂಬ ಮಾತನ್ನು ಇದಕ್ಕೆ ಬಳಸಲೇಬಾರದು.

ಕೆಟ್ಟ ಡಿಸ್ಕ್ ಬದಲಿಸಿದ ಮೇಲಿನ ಪುನರ್‌ರಚನೆಯೂ ಸಣ್ಣ ವಿಷಯವಲ್ಲ. 8 ಟಿಬಿಯನ್ನು ಸೆಕೆಂಡಿಗೆ 200 ಎಂಬಿಯಂತೆ ಬರೆದರೂ 11 ಗಂಟೆ. ನಡುವೆ ನೀವು ಎಡಿಟಿಂಗೂ ಮಾಡುತ್ತಿದ್ದರೆ ಒಂದು ದಿನ ದಾಟುತ್ತದೆ. ಅಷ್ಟು ಹೊತ್ತು ಉಳಿದ ಮೂರೂ ಡಿಸ್ಕ್ ಮೊದಲಿನಿಂದ ಕೊನೆವರೆಗೆ ತಪ್ಪಿಲ್ಲದೆ ಓದಿಸಿಕೊಳ್ಳಬೇಕು. ಸಾಮಾನ್ಯ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ 12.5 ಟಿಬಿ ಓದಿಗೆ ಒಂದು ಓದಲಾಗದ ತಪ್ಪು ಎಂಬ ಮಿತಿ ಬರೆದಿರುತ್ತದೆ. ನಿಮ್ಮ ಮೂರು ಡಿಸ್ಕ್ ಸೇರಿ 24 ಟಿಬಿ ಓದಬೇಕು. ಮಿತಿ ಎಂದರೆ ಆಗಿಯೇ ತೀರುತ್ತದೆ ಎಂದಲ್ಲ, ಪ್ರತ್ಯಕ್ಷದಲ್ಲಿ ಡಿಸ್ಕ್‌ಗಳು ಅದಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ. ಆದರೂ ಇರುವ ಒಂದೇ ಪ್ರತಿಯನ್ನು ಆ ಜೂಜಿಗೆ ಇಡುವುದು ಬೇಡ.

ಇನ್ನೂ ದೊಡ್ಡ ಅಪಾಯ ಪೆಟ್ಟಿಗೆಯೇ. ಅಗ್ಗದ ಯುಎಸ್‌ಬಿ ರೇಡ್ ಪೆಟ್ಟಿಗೆಯ ಚಿಪ್ ಫೈಲುಗಳನ್ನು ತನ್ನದೇ ಕ್ರಮದಲ್ಲಿ ನಾಲ್ಕು ಡಿಸ್ಕಿಗೆ ಹಂಚಿರುತ್ತದೆ. ಚಿಪ್ ಸುಟ್ಟರೆ ನಾಲ್ಕೂ ಡಿಸ್ಕ್ ಗಟ್ಟಿಮುಟ್ಟಾಗಿದ್ದರೂ ಬೇರೆ ಕಡೆ ಸಾಮಾನ್ಯವಾಗಿ ಓದಲಾಗುವುದಿಲ್ಲ, ಅದೇ ಮಾದರಿಯ ಪೆಟ್ಟಿಗೆ ಹುಡುಕಬೇಕು. ನಮ್ಮ ಸಲಹೆ: ಎರಡು ಬೇ ಇರುವ ಸಾದಾ ಪೆಟ್ಟಿಗೆ ಕೊಳ್ಳಿ, ರೇಡ್ ಆಫ್ ಮಾಡಿ, ಎರಡು ಡಿಸ್ಕೂ ಬೇರೆ ಬೇರೆಯಾಗಿ ಕಾಣುವಂತೆ ಇಟ್ಟು ಒಂದರಿಂದ ಇನ್ನೊಂದಕ್ಕೆ ರಾತ್ರಿ ನಕಲು ಹಾಕಿ. ಮೂರನೆಯ ಪ್ರತಿ ಊರಿನ ಮನೆಯಲ್ಲಿರಲಿ. ಡಿಸ್ಕ್ ಕೊಳ್ಳುವಾಗ ವಿವರಪಟ್ಟಿಯಲ್ಲಿ ‘ಸಿಎಂಆರ್’ (ಹಾದಿಗಳು ಒಂದರ ಪಕ್ಕ ಒಂದು ಇರುವ ಬಗೆ) ಎಂದಿದೆಯೇ ನೋಡಿ. ‘ಎಸ್‌ಎಂಆರ್’ ಡಿಸ್ಕ್‌ನಲ್ಲಿ ಹಾದಿಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುತ್ತವೆ; ನೂರಾರು ಜಿಬಿ ಒಟ್ಟಿಗೆ ಬರೆದಾಗ ವೇಗ ಧಡಕ್ಕನೆ ಇಳಿಯುತ್ತದೆ.

ಪ್ರಶ್ನೆ: ನಮ್ಮ ಸಣ್ಣ ಬಾಹ್ಯ ಡಿಸ್ಕ್ ‘ಟಿಕ್ ಟಿಕ್’ ಎನ್ನುತ್ತದೆ, ಕೆಲವೊಮ್ಮೆ ಕಾಣಿಸುತ್ತದೆ, ಕೆಲವೊಮ್ಮೆ ‘ಫಾರ್ಮ್ಯಾಟ್ ಮಾಡಬೇಕೆ’ ಎಂದು ಕೇಳುತ್ತದೆ. ಮಕ್ಕಳ ಫೋಟೊ ಎಲ್ಲ ಅದರಲ್ಲೇ ಇವೆ. ಹೌದು ಅನ್ನಲೇ?
– ಗೃಹಿಣಿ, ವಿರಾಜಪೇಟೆ

ಉತ್ತರ: ಬೇಡ. ಆ ಪ್ರಶ್ನೆಗೆ ಯಾವಾಗಲೂ ‘ಕ್ಯಾನ್ಸಲ್’. ಕಂಪ್ಯೂಟರ್ ಹೇಳುತ್ತಿರುವುದು ‘ನನಗೆ ಪಟ್ಟಿ ಓದಲಾಗುತ್ತಿಲ್ಲ’ ಎಂದಷ್ಟೇ, ಫೋಟೊ ಇಲ್ಲ ಎಂದಲ್ಲ. ‘ಇನಿಶಿಯಲೈಸ್ ಮಾಡಲೇ’ ಎಂದರೂ ಅದೇ ಉತ್ತರ.

ಮೊದಲು ಕರೆಂಟಿನ ಅನುಮಾನ ತೀರಿಸಿಕೊಳ್ಳಿ. 2.5 ಇಂಚಿನ ಸಣ್ಣ ಡಿಸ್ಕ್ ಯುಎಸ್‌ಬಿಯ 5 ವೋಲ್ಟಿನಲ್ಲೇ ತಿರುಗಬೇಕು. ಹಳೆಯ 2.0 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪಿಯರ್, 3.0 ಪೋರ್ಟ್ 900. ತಿರುಗಲು ಶುರುಮಾಡುವ ಗಳಿಗೆಯಲ್ಲಿ ಡಿಸ್ಕ್ 1 ಆಂಪಿಯರ್ ಹತ್ತಿರ ಎಳೆಯಬಹುದು. ಸಾಲದಿದ್ದರೆ ಅರ್ಧ ತಿರುಗಿ ನಿಲ್ಲುತ್ತದೆ, ಮತ್ತೆ ಯತ್ನಿಸುತ್ತದೆ. ಕೆಟ್ಟ ಡಿಸ್ಕಿನ ಸದ್ದನ್ನೇ ಹೋಲುವ ಆ ‘ಟಿಕ್ ಟಿಕ್’ ಅಲ್ಲಿಂದಲೂ ಬರುತ್ತದೆ. ಉದ್ದನೆಯ ಕೇಬಲ್, ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟ್, ಕರೆಂಟಿಲ್ಲದ ಹಬ್ ಮೂರೂ ವೋಲ್ಟೇಜ್ ಇಳಿಸುತ್ತವೆ. ಗಿಡ್ಡ ಹೊಸ ಕೇಬಲ್ ಹಾಕಿ, ಹಿಂಭಾಗದ ಪೋರ್ಟಿಗೆ ಸಿಕ್ಕಿಸಿ, ಒಂದೇ ಸಲ ನೋಡಿ. ಸದ್ದು ನಿಂತು ಡಿಸ್ಕ್ ಕಂಡರೆ ಅಲ್ಲೇ ಫೋಟೊಗಳನ್ನು ಬೇರೆಡೆ ನಕಲು ಮಾಡಿ. ಮಿಕ್ಕ ಪರೀಕ್ಷೆ ಆಮೇಲೆ.

ನಕಲು ಮುಗಿದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ವರದಿ ತೆರೆಯಿರಿ. ಅಲ್ಲಿ ನೂರೆಂಟು ಸಾಲಿರುತ್ತವೆ, ನಿಮಗೆ ಬೇಕಾದವು ಮೂರು. ತಂತ್ರಾಂಶ ಸಾಲಿನ ಸಂಖ್ಯೆಯನ್ನು ಹೆಕ್ಸಾದಲ್ಲಿ (16ರ ಲೆಕ್ಕದಲ್ಲಿ) ತೋರಿಸುವುದರಿಂದ 5, ಸಿ5, ಸಿ7 ಎಂದು ಹುಡುಕಿ. 5 ಎಂದರೆ ಕೆಟ್ಟು ಬದಲಿ ಖಾನೆಗೆ ಹೋದವುಗಳ ಎಣಿಕೆ. ಸಿ5, ಅಂದರೆ 197, ಓದಲಾಗದೆ ಕಾದು ಕೂತವುಗಳದ್ದು. ಇವೆರಡು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಹೊರಡುವ ತಯಾರಿಯಲ್ಲಿದೆ. ಸಿ7, ಅಂದರೆ 199, ಏರುತ್ತಿದ್ದು ಉಳಿದೆರಡು ಸೊನ್ನೆ ಇದ್ದರೆ ಬಹುಮಟ್ಟಿಗೆ ತಪ್ಪು ಕೇಬಲ್ ಅಥವಾ ಕನೆಕ್ಟರಿನದು. ಡಿಸ್ಕ್ ಮತ್ತು ಸೇತುವೆ ಚಿಪ್ ನಡುವೆ ದತ್ತಾಂಶ ಹಾಳಾಗಿ ಮತ್ತೆ ಕಳುಹಿಸಬೇಕಾಯಿತು ಎಂದರ್ಥ. 199 ಒಮ್ಮೆ ಏರಿದರೆ ಇಳಿಯುವುದಿಲ್ಲ, ಆದ್ದರಿಂದ ಅಂಕಿ ಬರೆದಿಟ್ಟು ವಾರದ ನಂತರ ಹೋಲಿಸಿ.

ಕೇಬಲ್ ಬದಲಿಸಿದರೂ ‘ಟಿಕ್’ ನಿಲ್ಲದಿದ್ದರೆ ಮತ್ತೆ ಮತ್ತೆ ಸಿಕ್ಕಿಸಿ ನೋಡುವ ಚಪಲ ಬಿಡಿ. ತಲೆ ತಟ್ಟೆಗೆ ಉಜ್ಜುತ್ತಿದ್ದರೆ ಪ್ರತಿ ಯತ್ನವೂ ಒಂದಷ್ಟು ಫೋಟೊ ಕೆರೆದು ಹಾಕುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತು ಕೇಳಿರುತ್ತೀರಿ. ನಮ್ಮ ಹವೆಯಲ್ಲಿ ಹೊರತೆಗೆದ ನಿಮಿಷದಲ್ಲೇ ನೀರು ಹನಿಗಟ್ಟುತ್ತದೆ, ಅಲ್ಲಿಗೆ ಮುಗಿಯಿತು. ‘ಚೆಕ್‌ಡಿಸ್ಕ್’ ಓಡಿಸುವುದೂ ಬೇಡ. ಅದು ದುರಸ್ತಿ ಎಂದು ಸಾಯುತ್ತಿರುವ ಡಿಸ್ಕಿನ ಮೇಲೇ ಬರೆಯುತ್ತದೆ. ಸದ್ದಿಲ್ಲದೆ ನಿಧಾನವಾಗಿ ಓದುವ ಡಿಸ್ಕಾದರೆ ಲಿನಕ್ಸ್ ತಿಳಿದವರಿಂದ ‘ಡಿಡಿರೆಸ್ಕ್ಯೂ’ ಮೂಲಕ ಇಡೀ ಡಿಸ್ಕಿನ ಪಡಿಯಚ್ಚು ತೆಗೆಸಿ. ಅದು ಸಲೀಸಾಗಿ ಓದುವ ಭಾಗವನ್ನು ಮೊದಲು ಎತ್ತಿಕೊಂಡು, ಹಟಮಾರಿ ಜಾಗಗಳನ್ನು ಕೊನೆಗಿಡುತ್ತದೆ. ಫೈಲು ಹುಡುಕುವ ಕೆಲಸವೆಲ್ಲ ಪಡಿಯಚ್ಚಿನ ಮೇಲೆ ನಡೆಯಲಿ.

ಇನ್ನೊಂದು ಬಲೆಯ ಬಗ್ಗೆ ಹೇಳಿಬಿಡಬೇಕು. ಪೆಟ್ಟಿಗೆ ಕೆಟ್ಟಿದೆ ಎಂದು ಒಳಗಿನ ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿಗೆ ಸಾಟಾದಲ್ಲಿ ಹಾಕಿದಾಗ ‘ಖಾಲಿ’ ಎಂದು ತೋರಿಸಿದರೆ ಗಾಬರಿಯಾಗಬೇಡಿ. ಕೆಲವು ಪೆಟ್ಟಿಗೆಗಳು 512 ಬೈಟಿನ ಖಾನೆಗಳನ್ನು 4,096 ಬೈಟಿನವು ಎಂದು ಕಂಪ್ಯೂಟರಿಗೆ ಹೇಳುತ್ತವೆ, ಕೆಲವು ದತ್ತಾಂಶವನ್ನು ಗೂಢಲಿಪಿ ಮಾಡಿಯೇ ಬರೆಯುತ್ತವೆ. ಮಧ್ಯವರ್ತಿ ಹೋದೊಡನೆ ಪಟ್ಟಿ ಹೊಂದುವುದಿಲ್ಲ. ಅದೇ ಮಾದರಿಯ ಪೆಟ್ಟಿಗೆಯಲ್ಲಿ ಹಾಕಿದರೆ ಸಾಮಾನ್ಯವಾಗಿ ಮತ್ತೆ ಕಾಣುತ್ತದೆ. ಗೂಢಲಿಪಿಯ ಪೆಟ್ಟಿಗೆಗೆ ಪಾಸ್‌ವರ್ಡ್ ಹಾಕಿದ್ದರೆ ಅದೂ ನೆನಪಿರಬೇಕು. ಇನ್ನು ಕೆಲವು ಸಣ್ಣ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಕಿಂಡಿ ಡಿಸ್ಕಿನ ಹಲಗೆಗೇ ಬೆಸುಗೆಯಾಗಿರುತ್ತದೆ, ಬಿಚ್ಚಿದರೂ ಸಾಟಾ ಸಿಗದು.

ಪ್ರಶ್ನೆ: ಕಂಪ್ಯೂಟರಿಗೆ ಯುಪಿಎಸ್ ಇದೆ, ಮನೆಗೆ ಇನ್ವರ್ಟರೂ ಇದೆ. ಆದರೂ ಕರೆಂಟ್ ಹೋದಾಗಲೆಲ್ಲ ನಾಲ್ಕು ಡಿಸ್ಕಿನ ಪೆಟ್ಟಿಗೆ ಮಾಯವಾಗಿ ಮತ್ತೆ ಬರುತ್ತದೆ. ಎರಡು ಸಲ ಫೈಲು ಹಾಳಾಯಿತು.
– ಓದುಗರು, ಪೊನ್ನಂಪೇಟೆ

ಉತ್ತರ: ಪೆಟ್ಟಿಗೆಯ ಅಡಾಪ್ಟರ್ ಯಾವ ಪ್ಲಗ್ಗಿನಲ್ಲಿದೆ ನೋಡಿ. ಯುಪಿಎಸ್‌ನಲ್ಲಿ ಕಂಪ್ಯೂಟರ್, ಮಾನಿಟರ್ ಹಾಕಿ ಜಾಗ ಮುಗಿದು, ಡಿಸ್ಕಿನ ಅಡಾಪ್ಟರನ್ನು ಗೋಡೆಗೆ ಹಾಕಿರುವ ಸಾಧ್ಯತೆಯೇ ಹೆಚ್ಚು. ಇನ್ವರ್ಟರ್ ‘ಯುಪಿಎಸ್ ಮೋಡ್’ನಲ್ಲಿ ಸುಮಾರು 10 ಮಿಲಿಸೆಕೆಂಡಿಗೆ ಬದಲಾಯಿಸುತ್ತದೆ, ಇನ್ನೊಂದು ಮೋಡ್‌ನಲ್ಲಿ 40ರವರೆಗೂ ಹೋಗಬಹುದು. ಕಂಪ್ಯೂಟರಿನ ಒಳ್ಳೆಯ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ) 16 ಮಿಲಿಸೆಕೆಂಡ್ ತಾಳಿಕೊಳ್ಳುತ್ತದೆ. ಡಿಸ್ಕ್ ಅಡಾಪ್ಟರಿಗೆ ಆ ಖಾತ್ರಿಯಿಲ್ಲ. ಬರೆಯುತ್ತಿರುವಾಗ ನಾಲ್ಕು ಡಿಸ್ಕ್ ಒಟ್ಟಿಗೆ ಉಸಿರು ಬಿಟ್ಟರೆ ಫೈಲು ಉಳಿದರೆ ಅದೃಷ್ಟ.

ಅಡಾಪ್ಟರ್ ಯುಪಿಎಸ್‌ನ ಬ್ಯಾಟರಿ ಸಾಕೆಟ್ಟಿಗೆ ಬರಲಿ. ‘ಸರ್ಜ್ ಮಾತ್ರ’ ಎಂದು ಬರೆದ ಸಾಕೆಟ್ಟಿಗೆ ಬ್ಯಾಟರಿ ಬೆಂಬಲ ಇರುವುದಿಲ್ಲ. ಜತೆಗೆ ಅಡಾಪ್ಟರಿನ ಮೇಲಿನ ಅಂಕಿ ಓದಿ: 3.5 ಇಂಚಿನ ಡಿಸ್ಕ್ ಓಡುವಾಗ 6ರಿಂದ 8 ವಾಟ್ ಸಾಕಾದರೂ ತಿರುಗಲು ಶುರುವಾಗುವಾಗ 12 ವೋಲ್ಟಿನಲ್ಲಿ 2 ಆಂಪಿಯರ್ ಹತ್ತಿರ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಎದ್ದರೆ 96 ವಾಟ್. ಕಳೆದುಹೋದ ಅಡಾಪ್ಟರಿನ ಬದಲಿಗೆ ಯಾವುದೋ 12 ವೋಲ್ಟ್ 4 ಆಂಪಿಯರಿನದ್ದು ಹಾಕಿದ್ದರೆ ರೋಗ ಅಲ್ಲೇ ಇದೆ.

ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಬಾಹ್ಯ ಡಿಸ್ಕ್‌ಗಳಿಗೆ ‘ಕ್ವಿಕ್ ರಿಮೂವಲ್’ ನೀತಿಯೇ ಮೂಲದಲ್ಲಿ ಇರುತ್ತದೆ. ಯಾರಾದರೂ ಸ್ಪೀಡಿಗಾಗಿ ಅದನ್ನು ‘ಬೆಟರ್ ಪರ್ಫಾರ್ಮೆನ್ಸ್’ಗೆ ಬದಲಿಸಿದ್ದರೆ ಬರೆಯಬೇಕಾದದ್ದು ಒಂದಷ್ಟು ಹೊತ್ತು ಮೆಮೊರಿಯಲ್ಲೇ ಕೂರುತ್ತದೆ, ನಿಮ್ಮೂರಿನ ಕರೆಂಟಿಗೆ ಅದು ಸಲ್ಲದು, ಹಿಂದಕ್ಕೆ ತನ್ನಿ. ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟಿನಲ್ಲಿದ್ದರೆ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿಗೆ ಬನ್ನಿ. ಎಕ್ಸ್‌ಫ್ಯಾಟ್‌ನಲ್ಲಿ ಅರ್ಧಕ್ಕೆ ನಿಂತ ಕೆಲಸದ ದಿನಚರಿ ಇರುವುದಿಲ್ಲ, ಎನ್‌ಟಿಎಫ್‌ಎಸ್‌ನಲ್ಲಿ ಇರುತ್ತದೆ. ಬದಲಿಸಲು ಡಿಸ್ಕ್ ಫಾರ್ಮ್ಯಾಟ್ ಆಗಬೇಕು, ಹಾಗಾಗಿ ಮೊದಲು ಎಲ್ಲವನ್ನೂ ಬೇರೆಡೆಗೆ ಸಾಗಿಸಿ. ಕಾಫಿ ಹೂವರಳಿಸುವ ಹೂಮಳೆ ಕಾಲದ ಗುಡುಗಿಗೆ ಮಾತ್ರ ಯಾವ ನೀತಿಯೂ ಇಲ್ಲ: ಕರೆಂಟಿನ ಪ್ಲಗ್, ಲ್ಯಾನ್ ಕೇಬಲ್ ಎರಡನ್ನೂ ಕಿತ್ತಿಡಿ. ಜನ ಮರೆಯುವ ಆ ಎರಡನೆಯ ದಾರಿಯಲ್ಲೂ ಸಿಡಿಲು ಬರುತ್ತದೆ.

ಪ್ರಶ್ನೆ: ಹೋಂಸ್ಟೇಯಲ್ಲಿ 8 ಸಿಸಿಟಿವಿ ಕ್ಯಾಮೆರಾದ ದೃಶ್ಯ ಉಳಿಸುವ ಡಿವಿಆರ್ ಇದೆ, 4 ಟಿಬಿ ಡಿಸ್ಕ್. 30 ದಿನದ ರೆಕಾರ್ಡಿಂಗ್ ಸಿಗುತ್ತಿಲ್ಲ. ಹಳೆಯ ಡಿಸ್ಕ್‌ಗಳನ್ನು ಬೀರುವಿನಲ್ಲಿ ಇಟ್ಟಿದ್ದೇವೆ, ಮಳೆಗಾಲದಲ್ಲಿ ಕನೆಕ್ಟರ್ ಹಸಿರುಗಟ್ಟಿದೆ. ಇಷ್ಟು ಎತ್ತರದ ಊರಿನಲ್ಲಿ ಹಾರ್ಡ್‌ಡಿಸ್ಕ್ ಬಾಳುವುದೇ ಇಲ್ಲ ಎಂದೂ ಒಬ್ಬರು ಹೇಳಿದರು.
– ಹೋಂಸ್ಟೇ ಮಾಲೀಕರು, ಮಡಿಕೇರಿ

ಉತ್ತರ: ಎತ್ತರದ ಮಾತು ಬಿಡಿ. ಡಿಸ್ಕಿನ ತಲೆ ತೆಳ್ಳನೆಯ ಗಾಳಿಯ ಪದರದ ಮೇಲೆ ತೇಲುವುದು ನಿಜ, ಗಾಳಿ ವಿರಳವಾದರೆ ತೊಂದರೆಯೂ ನಿಜ. ಆದರೆ ತಯಾರಕರು ಕೊಡುವ ಮಿತಿ ಸುಮಾರು 3,000 ಮೀಟರ್. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ತುದಿಯೇ 1,748 ಮೀಟರ್. ಅಲ್ಲಿ ಕೂತು ಕೂಡ ಕಾಪಿ ಮಾಡಬಹುದು.

ಡಿವಿಆರ್ ಲೆಕ್ಕ ಹೀಗೆ: 2 ಮೆಗಾಪಿಕ್ಸೆಲ್ ಕ್ಯಾಮೆರಾ ಎಚ್.264 ಎಂಬ ವಿಡಿಯೊ ಕುಗ್ಗಿಸುವ ಪದ್ಧತಿಯಲ್ಲಿ 4 ಮೆಗಾಬಿಟ್‌ನಂತೆ ದಿನಕ್ಕೆ 43.2 ಜಿಬಿ, ಎಂಟಕ್ಕೆ 345.6 ಜಿಬಿ. 4 ಟಿಬಿ ಹನ್ನೊಂದೂವರೆ ದಿನಕ್ಕೆ ತುಂಬುತ್ತದೆ. ಡಿವಿಆರ್, ಕ್ಯಾಮೆರಾ ಎರಡೂ ಇನ್ನಷ್ಟು ಕುಗ್ಗಿಸುವ ಎಚ್.265 ಒಪ್ಪುವುದಾದರೆ ಬಿಟ್‌ರೇಟನ್ನು 2 ಮೆಗಾಬಿಟ್‌ಗೆ ಇಳಿಸಿ 6 ಟಿಬಿ ಹಾಕಿದರೆ 30 ದಿನ ದಾಟುತ್ತದೆ. ಡಿವಿಆರ್ ಎಷ್ಟು ಟಿಬಿವರೆಗೆ ಒಪ್ಪುತ್ತದೆ ಎಂದು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ. ಸಿಸಿಟಿವಿಗೆಂದೇ ಮಾಡಿದ ಡಿಸ್ಕ್ ಬೇಕು: ನಿಮ್ಮ ಈಗಿನ ಹೊರೆ ವರ್ಷಕ್ಕೆ 126 ಟಿಬಿ, ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕಿನ ಪಟ್ಟಿಯಲ್ಲಿ ಬರೆದಿರುವುದು 55ರ ಆಸುಪಾಸು, ಸಿಸಿಟಿವಿ ಡಿಸ್ಕಿನದು 180. ಡಿವಿಆರ್ ಡಿಸ್ಕನ್ನು ಕಿತ್ತು ವಿಂಡೋಸಿಗೆ ಹಾಕಿದರೆ ಖಾಲಿ ಎಂದೇ ತೋರಿಸಬಹುದು, ಏಕೆಂದರೆ ಬಹಳಷ್ಟು ಡಿವಿಆರ್‌ಗಳ ಬರವಣಿಗೆಯೇ ಬೇರೆ. ಪೊಲೀಸರಿಗೆ ದೃಶ್ಯ ಕೊಡಬೇಕಾದಾಗ ಡಿವಿಆರ್‌ನಿಂದಲೇ ಪೆನ್‌ಡ್ರೈವಿಗೆ ಇಳಿಸಿ.

ಬೀರುವಿಗೆ ಬರೋಣ. ಓಡುವ ಡಿಸ್ಕಿಗೆ ತೇವದ ಭಯ ಕಡಿಮೆ, ಅದರ ಬಿಸಿಯೇ ಅದನ್ನು ಒಣಗಿಸಿಡುತ್ತದೆ. ಹಾಳಾಗುವುದು ಸುಮ್ಮನೆ ಇಟ್ಟದ್ದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ರಬ್ಬರ್ ಅಂಚಿನದು, ಒಳಗೆ 100 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್. ನೀಲಿ ಗುಲಾಬಿಗೆ ತಿರುಗಿದರೆ, ಅಥವಾ ಕಿತ್ತಳೆಯದು ಹಸಿರಿಗೆ ತಿರುಗಿದರೆ, ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ ಮತ್ತೆ ಹಾಕಿ. ಅಕ್ಕಿ ಹಾಕುವುದು, ನುಸಿಗುಳಿಗೆ ಇಡುವುದು ಉಪಯೋಗವಿಲ್ಲ. ಮೊದಲನೆಯದರ ಹುಡಿ ಕಿಂಡಿಗೆ ಹೋಗುತ್ತದೆ, ಎರಡನೆಯದಕ್ಕೂ ತೇವಕ್ಕೂ ಸಂಬಂಧವೇ ಇಲ್ಲ. ಹೊರತೆಗೆದ ಡಿಸ್ಕನ್ನು ಎರಡು ಗಂಟೆ ಕೋಣೆಯ ಹವೆಗೆ ಹೊಂದಿಕೊಳ್ಳಲು ಬಿಟ್ಟು ಆಮೇಲೆ ಕರೆಂಟ್ ಕೊಡಿ. ಹಸಿರುಗಟ್ಟಿದ ಕನೆಕ್ಟರನ್ನು 99 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಮೃದು ಬ್ರಶ್ಶಿನಲ್ಲಿ ಉಜ್ಜಿ ಒಣಗಿಸಿ.

ಎಸ್‌ಎಸ್‌ಡಿಯನ್ನು ಮಾತ್ರ ವರ್ಷಗಟ್ಟಲೆ ಬೀರುವಿನಲ್ಲಿ ಮಲಗಿಸಬೇಡಿ. ಅದರಲ್ಲಿ ಮಾಹಿತಿ ನಿಂತಿರುವುದು ವಿದ್ಯುದಂಶದ ಮೇಲೆ. ಚಿಪ್ ಉದ್ಯಮದ ಸಂಸ್ಥೆ ಜೆಡೆಕ್‌ನ ಮಾನದಂಡ ಮನೆಬಳಕೆಯ ಎಸ್‌ಎಸ್‌ಡಿಯಿಂದ ಕೇಳುವುದು, ಬರೆಯುವ ಆಯುಷ್ಯ ತೀರಿದ ಮೇಲೆ 30 ಡಿಗ್ರಿಯಲ್ಲಿ ಕರೆಂಟಿಲ್ಲದೆ ಒಂದು ವರ್ಷ ಮಾಹಿತಿ ಉಳಿಸಬೇಕು ಎಂದಷ್ಟೇ. ಹೊಸದು ಇನ್ನೂ ಹೆಚ್ಚು ಕಾಲ ಹಿಡಿದಿಡುತ್ತದೆ, ಆದರೂ ಹಳೆಯ ಫೋಟೊಗೆ ಹಾರ್ಡ್‌ಡಿಸ್ಕೇ ಸರಿ.

ಪ್ರಶ್ನೆ: ಸಹಕಾರ ಸಂಘದ ಟವರ್ ಸರ್ವರಿನಲ್ಲಿ ನಾಲ್ಕು ಬೇ ತುಂಬಿವೆ. ರೇಡ್ ಕಾರ್ಡ್ ‘ಬ್ಯಾಟರಿ ಬದಲಿಸಿ’ ಎನ್ನುತ್ತಿದೆ, ಅಂದಿನಿಂದ ಲೆಕ್ಕದ ಎಂಟ್ರಿ ನಿಧಾನ. ಹೊರಗಿನ ಡಿಸ್ಕ್ ಪೆಟ್ಟಿಗೆ ಸೇರಿಸಬಹುದೇ?
– ಗಣಕಯಂತ್ರ ನಿರ್ವಾಹಕರು, ಸೋಮವಾರಪೇಟೆ

ಉತ್ತರ: ನಿಧಾನಕ್ಕೆ ಕಾರಣ ಬ್ಯಾಟರಿಯೇ. ಅದು ಇದ್ದಾಗ ಕಾರ್ಡ್ ಬರವಣಿಗೆಯನ್ನು ತನ್ನ ಕ್ಯಾಷ್ ಮೆಮೊರಿಯಲ್ಲಿ ಹಿಡಿದು ‘ಆಯಿತು’ ಎಂದುಬಿಡುತ್ತದೆ. ಬ್ಯಾಟರಿ ಸೋತರೆ ಕರೆಂಟ್ ಹೋದಾಗ ಕ್ಯಾಷ್ ಉಳಿಯದು, ಅದಕ್ಕೇ ಪ್ರತಿ ಎಂಟ್ರಿಯೂ ಡಿಸ್ಕ್ ಮುಟ್ಟುವವರೆಗೆ ಕಾಯಿಸುತ್ತದೆ. ನಿಮ್ಮದು ರೇಡ್ 5 ಆದರೆ ಒಂದು ಸಣ್ಣ ಬದಲಾವಣೆಗೆ ಎರಡು ಓದು, ಎರಡು ಬರಹ ಬೇಕು. ಆ ಭಾರ ಈಗ ನಿಮ್ಮ ಕಣ್ಣಿಗೆ ಬೀಳುತ್ತಿದೆ. ಬ್ಯಾಟರಿ ಬದಲಿಸಿ. ‘ಬ್ಯಾಟರಿ ಇಲ್ಲದಿದ್ದರೂ ರೈಟ್-ಬ್ಯಾಕ್’ (ಮೊದಲು ಕ್ಯಾಷ್, ಆಮೇಲೆ ಡಿಸ್ಕ್) ಎಂಬ ಆಯ್ಕೆ ಒತ್ತಿ ಸ್ಪೀಡ್ ತರಿಸುವವರು ಸಿಗುತ್ತಾರೆ, ಸದಸ್ಯರ ಠೇವಣಿ ಲೆಕ್ಕವಿರುವ ಯಂತ್ರದಲ್ಲಿ ಅದಕ್ಕೆ ಒಪ್ಪಬೇಡಿ.

ಪೆಟ್ಟಿಗೆ ಸೇರಿಸಬಹುದು. ಯುಎಸ್‌ಬಿಯದು ಬೇಡ, ಎಸ್‌ಎಎಸ್ (ಸರ್ವರ್ ಡಿಸ್ಕ್‌ಗಳ ಜೋಡಣೆ ಪದ್ಧತಿ) ಪೆಟ್ಟಿಗೆ ಇರಲಿ. ಹೊರಮುಖದ ಕಿಂಡಿಯಿರುವ ಕಾರ್ಡ್ ಬೇಕು. 12 ಗಿಗಾಬಿಟ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಎಸ್‌ಎಫ್‌ಎಫ್-8644 ಕಿಂಡಿ, ಹಳೆಯ 6 ಗಿಗಾಬಿಟ್‌ನಲ್ಲಿ ಎಸ್‌ಎಫ್‌ಎಫ್-8088. ಎರಡೂ ತುದಿ ನೋಡಿಯೇ ಕೇಬಲ್ ತರಿಸಿ. 12 ಗಿಗಾಬಿಟ್‌ನ ಒಂದು ಕೇಬಲ್ಲಿನಲ್ಲಿ ನಾಲ್ಕು ಹಾದಿ, ಒಟ್ಟು 48 ಗಿಗಾಬಿಟ್. ಡಜನ್ ಹಾರ್ಡ್‌ಡಿಸ್ಕಿಗೆ ಧಾರಾಳ. ಎಸ್‌ಎಎಸ್ ಬೇಯಲ್ಲಿ ಸಾಟಾ ಡಿಸ್ಕ್ ಕೂರುತ್ತದೆ, ಸಾಟಾ ಬೇಯಲ್ಲಿ ಎಸ್‌ಎಎಸ್ ಡಿಸ್ಕ್ ಕೂರದು. ಅಗ್ಗದ ಡೆಸ್ಕ್‌ಟಾಪ್ ಡಿಸ್ಕ್ ಹಾಕಿದರೆ ಒಂದು ಖಾನೆ ಓದಲಾಗದಾಗ ಅದು ನಿಮಿಷಗಟ್ಟಲೆ ಹಟ ಹಿಡಿಯಬಹುದು, ಕಾರ್ಡ್ ಕೆಲವೇ ಸೆಕೆಂಡ್ ಕಾದು ಡಿಸ್ಕನ್ನೇ ಹೊರಹಾಕುತ್ತದೆ. ಸರ್ವರ್ ಮತ್ತು ಎನ್‌ಎಎಸ್ ದರ್ಜೆಯವು 7 ಸೆಕೆಂಡಿನ ಸುಮಾರಿಗೆ ಕೈಚೆಲ್ಲಿ ಹೇಳಿಬಿಡುತ್ತವೆ.

ಆನ್ ಮಾಡುವಾಗ ಮೊದಲು ಪೆಟ್ಟಿಗೆ, ಡಿಸ್ಕ್‌ಗಳೆಲ್ಲ ತಿರುಗಿ ದೀಪ ಸ್ಥಿರವಾದ ಮೇಲೆ ಸರ್ವರ್. ಆಫ್ ಮಾಡುವಾಗ ಮೊದಲು ಸರ್ವರ್. ಕ್ರಮ ತಪ್ಪಿದರೆ, ಅಥವಾ ಕಾರ್ಡ್ ಬದಲಿಸಿದರೆ, ಪರದೆಯಲ್ಲಿ ‘ಫಾರಿನ್ ಕಾನ್ಫಿಗರೇಶನ್’ ಎಂದು ಬರಬಹುದು. ಡಿಸ್ಕ್‌ಗಳ ಮೇಲೆ ಬರೆದ ರೇಡ್ ವಿವರ ಕಾರ್ಡಿಗೆ ಅಪರಿಚಿತ ಎಂದರ್ಥ. ಎಲ್ಲ ಡಿಸ್ಕ್ ಕಾಣುತ್ತಿವೆಯೇ ಎಂದು ಎಣಿಸಿ, ಪೂರ್ವನೋಟ ನೋಡಿ, ‘ಇಂಪೋರ್ಟ್’ ಒತ್ತಿ. ‘ಕ್ಲಿಯರ್’ ಒತ್ತಿದರೆ ಆ ವಿವರ ಅಳಿಯುತ್ತದೆ. ಒಂದು ಡಿಸ್ಕ್ ಕಡಿಮೆ ಇದ್ದರೆ ಇಂಪೋರ್ಟಿಗೆ ಮೊದಲು ಆಫ್ ಮಾಡಿ ಕೇಬಲ್, ಬೇ ಎರಡನ್ನೂ ಒತ್ತಿ ಕೂರಿಸಿ. ಯಾವ ಬೇಯಲ್ಲಿ ಯಾವ ಸೀರಿಯಲ್ ಸಂಖ್ಯೆಯ ಡಿಸ್ಕ್ ಎಂದು ಇವತ್ತೇ ಬರೆದು ಸರ್ವರಿನ ಪಕ್ಕಕ್ಕೆ ಅಂಟಿಸಿ. ಒಂದು ಡಿಸ್ಕ್ ಕೆಟ್ಟ ದಿನ ಗಡಿಬಿಡಿಯಲ್ಲಿ ಪಕ್ಕದ ಒಳ್ಳೆಯ ಡಿಸ್ಕ್ ಎಳೆದರೆ ರೇಡ್ 5 ಪೂರ್ತಿ ಬೀಳುತ್ತದೆ.

ಪ್ರಶ್ನೆ: 4 ಟಿಬಿ ಡಿಸ್ಕ್ ಕೊಂಡೆ, ವಿಂಡೋಸ್ 3.63 ತೋರಿಸುತ್ತದೆ. ಮೋಸವೇ? ಆನ್‌ಲೈನ್‌ನಲ್ಲಿ 16 ಟಿಬಿ ಎಸ್‌ಎಸ್‌ಡಿ ಎರಡು ಸಾವಿರಕ್ಕೂ ಕಡಿಮೆಗೆ ಇದೆ, ಕೊಳ್ಳಲೇ?
– ವಿದ್ಯಾರ್ಥಿ, ಕುಶಾಲನಗರ

ಉತ್ತರ: ಮೊದಲನೆಯದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರಲ್ಲಿ ಎಣಿಸುತ್ತದೆ, ಆದರೆ ಇಬ್ಬರೂ ಟಿಬಿ ಎಂದೇ ಬರೆಯುತ್ತಾರೆ. 4 ಟಿಬಿ ಡಿಸ್ಕ್ 2 ಟಿಬಿ ಮಾತ್ರ ತೋರಿಸಿದ್ದರೆ ಕೇಳಬೇಕಿತ್ತು. ಆಗ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಜನಾ ಪದ್ಧತಿಯಲ್ಲಿದೆ, ಖಾಲಿ ಇರುವಾಗಲೇ ಜಿಪಿಟಿ ಎಂಬ ಹೊಸ ಪದ್ಧತಿಗೆ ಬದಲಿಸಬೇಕು.

ಎರಡನೆಯದು ಮೋಸ. ಅಂಥ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಸಣ್ಣ ಮೆಮೊರಿ ಕಾರ್ಡ್ ಕೂತಿರುತ್ತದೆ, ಚಿಪ್‌ಗೆ 16 ಟಿಬಿ ಎಂದು ಸುಳ್ಳು ಹೇಳಲು ಕಲಿಸಿರುತ್ತಾರೆ. ತುಂಬಿದ ಮೇಲೂ ಫೈಲಿನ ಹೆಸರು ಕಾಣುತ್ತದೆ, ಒಳಗೆ ಏನೂ ಇರುವುದಿಲ್ಲ. ಈಗ ಕೊಂಡ 4 ಟಿಬಿಯನ್ನೂ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ಪರೀಕ್ಷಿಸಿ. ಅದು ಡಿಸ್ಕ್ ಪೂರ್ತಿ ಬರೆದು, ಬರೆದದ್ದನ್ನೇ ಓದಿ ಹೋಲಿಸುತ್ತದೆ. ಸೆಕೆಂಡಿಗೆ 150 ಎಂಬಿಯಾದರೆ 15 ಗಂಟೆ ಹಿಡಿಯುತ್ತದೆ. ಯುಪಿಎಸ್‌ಗೆ ಹಾಕಿ, ಕಂಪ್ಯೂಟರಿನ ಸ್ಲೀಪ್ ಆಫ್ ಮಾಡಿ, ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲೇ ಮುಗಿಸಿ.